ಕೊನೆಗುಳಿದ ಕಾಡುಸೇಬು

ಆರ್ಲಿನ್ ಟ್ವೇಟ್‌ನ ಕಷ್ಟವೆಲ್ಲ ಶುರುವಾದದ್ದು ಚರ್ಚಿನ ಬಾಗಿಲಲ್ಲಿ ಆತ ಆಡಿದ ಒಂದೇ ಒಂದು ಮಾತಿನಿಂದ.

ಭಾನುವಾರದ ಆರಾಧನೆ ಮುಗಿದಿತ್ತು. ಪಾದ್ರಿ ಇಂಗ್ರಿಡ್ ಸೋಲುಮ್ ಎಂದಿನಂತೆ ಬಾಗಿಲಲ್ಲಿ ನಿಂತು ಒಬ್ಬೊಬ್ಬರ ಕೈಕುಲುಕಿ ಕಳಿಸುತ್ತಿದ್ದಳು. ಆರ್ಲಿನ್‌ನ ಸರದಿ ಬಂದಾಗ ಕೈ ಬಿಡದೆ ಕೇಳಿದಳು.

"ವೆರ್ನಾ ಹೇಳಿದ್ದ ಮರ ನೆಟ್ಟಾಯ್ತಾ, ಆರ್ಲಿನ್?"

"ನೆಡಬೇಕು, ಪಾದ್ರಿಯಮ್ಮ."

"ಯಾವತ್ತು?"

ಆತನ ಹಿಂದೆ ನಲವತ್ತು ಜನ ಸಾಲಾಗಿ ನಿಂತಿದ್ದರು. ಕೆಳಗಿನ ಕೋಣೆಯಿಂದ ಕಾಫಿಯ ವಾಸನೆ ಬರುತ್ತಿತ್ತು. ನಲವತ್ತು ಜನರ ಕಾಫಿಗೆ ಅಡ್ಡ ನಿಂತ ಪಾಪವನ್ನು ಹೊರಲಾರದೆ ಆರ್ಲಿನ್ "ಶನಿವಾರ" ಎಂದುಬಿಟ್ಟ. ಬರುವ ತಿಂಗಳು ಎನ್ನಬಹುದಿತ್ತು, ನೋಡೋಣ ಎನ್ನಬಹುದಿತ್ತು. ಬಾಯಿಗೆ ಬಂದದ್ದು ಶನಿವಾರ.

"ಒಳ್ಳೇದಾಯ್ತು. ಹಾಗಾದ್ರೆ ಶನಿವಾರ ಸಂಜೆ ಐದು ಗಂಟೆಗೆ ಎಲ್ಲರೂ ಬರ್ತೀವಿ. ಮರದ ಹತ್ರ ನಿಂತು ಒಂದು ಪ್ರಾರ್ಥನೆ ಮಾಡೋಣ," ಎಂದು ಪಾದ್ರಿ ಕೈ ಬಿಟ್ಟಳು.

ಎಲ್ಲರೂ ಎಂದರೆ ಎಷ್ಟು ಜನ ಎಂದು ಕೇಳಲು ಆತನಿಗೆ ಸಂಕೋಚ. ಮರ ಯಾವುದೆಂದು ತನಗೇ ಇನ್ನೂ ಗೊತ್ತಿಲ್ಲ ಎನ್ನಲು ಇನ್ನೂ ಹೆಚ್ಚು ಸಂಕೋಚ.

ಹೆಂಡತಿ ವೆರ್ನಾ ತೀರಿಕೊಂಡು ಬರುವ ಜೂನಿಗೆ ಒಂದು ವರ್ಷ. ಹನ್ನೆರಡು ವರ್ಷದ ಹಿಂದೆ ಅವಳು ಮನೆಯ ಮುಂದಿನ ಹುಲ್ಲುಹಾಸನ್ನೆಲ್ಲ ಅಗೆದು ತೆಗೆದು, ಅಯೋವಾದ ಈ ನೆಲಕ್ಕೆ ನೇಗಿಲು ಬರುವ ಮೊದಲು ಇಲ್ಲಿ ಏನೇನು ಬೆಳೆಯುತ್ತಿತ್ತೋ ಅದನ್ನೇ ಮತ್ತೆ ಬಿತ್ತಿದ್ದಳು. ಆಳೆತ್ತರದ ಹುಲ್ಲು, ನಡುನಡುವೆ ನೇರಳೆ ಹೂವು, ಹಳದಿ ಹೂವು, ಅವಕ್ಕೆ ಮುತ್ತುವ ಜೇನು. ಅದು ಅವಳ ಪ್ರೇರಿ. ವಸಂತ ಬಂದಾಗ ಹಳೆಯ ಒಣಹುಲ್ಲಿಗೆ ಬೆಂಕಿ ಕೊಡಬೇಕು. ಸುಟ್ಟರೆ ಅದು ಚೆನ್ನಾಗಿ ಚಿಗುರುತ್ತದೆ. ಆ ದಿನ ಪಕ್ಕದ ಮನೆಯ ಲಾವೊನ್ ಹಾಗ್‌ರುಡ್ ಒಣಗಲು ಹಾಕಿದ ಬಟ್ಟೆಯನ್ನೆಲ್ಲ ಒಳಗೆ ತಂದು, ಅಗ್ನಿಶಾಮಕದವರ ನಂಬರನ್ನು ಒತ್ತಿ ಸಿದ್ಧವಾಗಿಟ್ಟ ಫೋನನ್ನು ತೊಡೆಯ ಮೇಲಿರಿಸಿಕೊಂಡು ಕಿಟಕಿಯಲ್ಲಿ ಕೂರುತ್ತಿದ್ದಳು. ಅವಳ ಅಂಗಳದ ಹುಲ್ಲು ಬಿಲಿಯರ್ಡ್ಸ್ ಮೇಜಿನ ಬಟ್ಟೆಯಂತಿತ್ತು. ಅದರ ಮೇಲೆ ಬಿದ್ದ ಎಲೆಗೆ ಅಲ್ಲಿ ಇರಲು ಭಯವಾಗಬೇಕು.

ಆಸ್ಪತ್ರೆಯ ಕೊನೆಯ ವಾರದಲ್ಲಿ ವೆರ್ನಾ ಗಂಡನನ್ನು ಹತ್ತಿರ ಕರೆದು ಹೇಳಿದ್ದಳು: "ಪ್ರೇರಿ ನಡುವೆ ಒಂದು ಮರ ಬೇಕು, ಆರ್ಲಿನ್. ಚಿಕ್ಕದು. ಹುಲ್ಲಿನ ಬಿಸಿಲು ಕಿತ್ಕೋಬಾರದು. ಈ ನೆಲದ್ದೇ ಆಗಿರಬೇಕು. ಹಕ್ಕಿ ಬಂದು ಕೂತ್ಕೊಳ್ಳೋಕೆ. ಯಾವುದು ಅಂತ ನೀನೇ ಆರಿಸು. ಯಾರನ್ನೂ ಕೇಳ್ಬೇಡ."

ಆರ್ಲಿನ್ ಹೂಂ ಎಂದಿದ್ದ. ಆಮೇಲೆ ಭಯವಾಯಿತು. ನಲವತ್ತಾರು ವರ್ಷದ ಸಂಸಾರದಲ್ಲಿ ಆತ ಏನನ್ನೂ ಆರಿಸಿದವನಲ್ಲ. ಅಂಗಿ ವೆರ್ನಾ ಆರಿಸಿದ್ದು. ಕಾರಿನ ಬಣ್ಣ ವೆರ್ನಾ ಆರಿಸಿದ್ದು. ಮದುವೆಯನ್ನೂ ಅವಳೇ ಆರಿಸಿದ್ದೆಂದು ಊರಿನವರು ಹೇಳುತ್ತಿದ್ದರು, ಅದೂ ಸುಳ್ಳಲ್ಲ. ಮೂವತ್ತೆಂಟು ವರ್ಷ ಆತನ ಉದ್ಯೋಗ ಧಾನ್ಯದ ಗೋದಾಮಿನಲ್ಲಿ ಲಾರಿಗಳನ್ನು ತೂಗುವುದು. ಬಂದ ಲಾರಿ ತೂಗಬೇಕು, ಹೋಗುವ ಲಾರಿ ತೂಗಬೇಕು. ಅಲ್ಲಿ ಇದು ಬೇಕು, ಅದು ಬೇಡ ಎನ್ನುವ ಪ್ರಶ್ನೆಯೇ ಇರಲಿಲ್ಲ. ದೇವರು ಆತನಿಗೆ ಒಳ್ಳೆಯ ಹೃದಯ ಕೊಟ್ಟಿದ್ದ, ಗಟ್ಟಿಮುಟ್ಟಾದ ಬೆನ್ನು ಕೊಟ್ಟಿದ್ದ, 'ಬೇಡ' ಎಂಬ ಎರಡಕ್ಷರವನ್ನು ಮಾತ್ರ ಕೊಡಲು ಮರೆತಿದ್ದ.

ಆದರೂ ಇದೊಂದನ್ನು ತಾನೇ ಆರಿಸಬೇಕೆಂದು ಆತ ನಿಶ್ಚಯಿಸಿದ್ದ. ಅವಳು ಜೀವಮಾನದಲ್ಲಿ ಆತನಿಂದ ಕೇಳಿದ್ದು ಅದೊಂದೇ.

ಶನಿವಾರ ಬೆಳಗ್ಗೆ ಆತ ಹಿತ್ತಿಲ ಜಗಲಿಯಲ್ಲಿ ತನ್ನ ತೂಗುಕುರ್ಚಿಯ ಮೇಲೆ ಕೂತು ಕಾಫಿ ಕುಡಿಯುತ್ತಿದ್ದ. ಕುರ್ಚಿಯ ಬಲಗಡೆ, ನೆಲದ ಹಲಗೆಯ ಮೇಲೆ, ತಟ್ಟೆಯಗಲದ ಒಂದು ದುಂಡು ಕಲೆ ಇತ್ತು. ಏತರ ಕಲೆಯೋ ಆತ ಯೋಚಿಸಿರಲಿಲ್ಲ. ದಿನವೂ ಲೋಟವನ್ನು ಅದರ ನಟ್ಟನಡುವೆ ಇಡುತ್ತಿದ್ದ. ಲೋಟಕ್ಕೆಂದೇ ಯಾರೋ ಗೆರೆ ಎಳೆದುಕೊಟ್ಟಂತಿತ್ತು. ಲೋಟ ಇಟ್ಟು, ತಲೆ ತಗ್ಗಿಸಿ ಪ್ರಾರ್ಥಿಸಿದ: ಕರ್ತನೇ, ಇವತ್ತು ನನಗೊಂದು ಮರ ತೋರಿಸು. ಆದರೆ ನಾನೇ ಆರಿಸಿದೆ ಅನ್ನೋ ಹಾಗೆ ತೋರಿಸು.

ಆಮೆನ್ ಎನ್ನುವಷ್ಟರಲ್ಲಿ ಲಾವೊನ್ ಜಗಲಿಯ ಮೆಟ್ಟಿಲೇರಿ ಬಂದಳು. ತಲೆಗೆ ವಸ್ತ್ರ ಕಟ್ಟಿ, ಕೈಚೀಲ ಹಿಡಿದು, ಹೊರಡಲು ಸಿದ್ಧವಾಗಿಯೇ ಇದ್ದಳು.

"ಗಿಡಗಳ ಮಾರಾಟಕ್ಕೆ ಹೋಗ್ತಿದ್ದೀಯಂತೆ?"

"ಹಾಗೇ ನೋಡ್ಕೊಂಡು ಬರೋಣ ಅಂತ."

"ಒಬ್ಬನೇನಾ?"

"ಒಬ್ಬನೇ ಅಂದ್ಕೊಂಡಿದ್ದೆ."

"ಛೆ, ಪಾಪ. ನಾನೂ ಬರ್ತೀನಿ ಬಿಡು. ನನಗೇನು ಮನೇಲಿ ಕಡಿದು ಕಟ್ಟೆ ಹಾಕೋ ಕೆಲಸ ಇದೆ."

'ಬೇಡ' ಎಂಬುದು ಆರ್ಲಿನ್‌ನ ಹಲ್ಲಿನವರೆಗೆ ಬಂದು, ಹೊರಗೆ ಲಾವೊನ್ ನಿಂತಿರುವುದನ್ನು ಕಂಡು, ಹಿಂತಿರುಗಿ ಹೋಯಿತು.

ಅಷ್ಟರಲ್ಲಿ ಬೀದಿಯಲ್ಲಿ ಹಾರ್ನ್ ಕೂಗಿತು. ಎದುರುಮನೆಯ ಡ್ವೇನ್ ಸ್ಟುಬ್ಬೆ. ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ಈಗ ಬಸ್ಸಿಲ್ಲದಿದ್ದರೂ ಊರಿನವರನ್ನೆಲ್ಲ ಹತ್ತಿಸಿಕೊಂಡು ಹೋಗುವ ಚಟ ಬಿಟ್ಟಿರಲಿಲ್ಲ. ತನ್ನ ಪಿಕಪ್ ಗಾಡಿಯ ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ.

"ಆ ಪುಟಾಣಿ ಕಾರಲ್ಲಿ ಮರ ತರ್ತೀಯಾ, ಮಾರಾಯ? ಮರ ಸೀಟಲ್ಲಿ ಕೂರುತ್ತೆ, ನೀನು ಡಿಕ್ಕೀಲಿ ಮಲಗಬೇಕಾಗುತ್ತೆ. ಹತ್ತು ಇದಕ್ಕೆ."

ಮೂವರೂ ಒಂದೇ ಸೀಟಿನಲ್ಲಿ ಕೂತರು. ಆರ್ಲಿನ್ ನಡುವೆ. ಗೇರಿನ ಕೋಲು ಆತನ ಮೊಣಕಾಲುಗಳ ಮಧ್ಯೆ. ಹನ್ನೆರಡು ಮೈಲಿಯುದ್ದಕ್ಕೂ ಎಡಕಿವಿಯಲ್ಲಿ ಡ್ವೇನ್, ಬಲಕಿವಿಯಲ್ಲಿ ಲಾವೊನ್. ನಡುವೆ ಆತ, ಎರಡು ರೊಟ್ಟಿಯ ನಡುವೆ ಸಿಕ್ಕ ಬೆಣ್ಣೆಯ ಹಾಗೆ, ಎರಡೂ ಕಡೆಗೆ ಸಮನಾಗಿ ಸವೆಯುತ್ತ ಹೋದ.

ಮಾರಾಟ ಜಾತ್ರೆಮೈದಾನದ ದನದ ಕೊಟ್ಟಿಗೆಯಲ್ಲಿ. ವರ್ಷಕ್ಕೊಮ್ಮೆ, ಮೇ ತಿಂಗಳ ಒಂದು ಶನಿವಾರ, ಜಿಲ್ಲೆಯ ಪ್ರೇರಿ ಸಂಘದವರು ತಾವು ತಾವೇ ಬೀಜದಿಂದ ಬೆಳೆಸಿದ ಗಿಡಗಳನ್ನು ತಂದು ಉದ್ದನೆಯ ಮೇಜುಗಳ ಮೇಲೆ ಜೋಡಿಸುತ್ತಾರೆ. ನೋಡಿಕೊಳ್ಳುವವಳು ಬರ್ನಡೀನ್ ಕುಚೆರಾ. ಎತ್ತರದ ಹೆಂಗಸು, ಉಗುರಿನೊಳಗಿನ ಮಣ್ಣು ಈಸ್ಟರ್ ಹಬ್ಬಕ್ಕೂ ಹೋಗದು. ವೆರ್ನಾಳ ಹಳೆಯ ಗೆಳತಿ.

"ಏನು ಬೇಕಿತ್ತು, ಆರ್ಲಿನ್?" ಎಂದಳು.

ಆರ್ಲಿನ್ ಬಾಯಿ ತೆರೆದ. ಮಾತು ಡ್ವೇನ್‌ನ ಬಾಯಿಂದ ಬಂತು. "ಅವನಿಗೊಂದು ಚಿಕ್ಕ ಮರ ಬೇಕಮ್ಮ. ಇದು ನೋಡು, ಇದು ಕೊಡು." ಅವನ ಕೈಯಲ್ಲಿ ಒಂದು ಗೇಣುದ್ದದ ಓಕ್ ಸಸಿ ಇತ್ತು.

"ಅದು ಎಂಬತ್ತು ಅಡಿ ಬೆಳೆಯುತ್ತೆ, ಡ್ವೇನ್."

"ಈಗ ಚಿಕ್ಕದೇ ಇದೆಯಲ್ಲ."

"ಮುಂದೆ?"

"ಅದು ಎಂಬತ್ತು ಅಡಿ ಆಗೋ ಹೊತ್ತಿಗೆ ನಾವು ಮೂರೂ ಜನ ಆರಡಿ ಕೆಳಗಿರ್ತೀವಿ. ಆ ಚಿಂತೆ ಆಗ ಇರೋರಿಗೆ ಬಿಡು."

ಲಾವೊನ್ ಅಷ್ಟರಲ್ಲಿ ಕೊಟ್ಟಿಗೆಯ ಹಿಂಬದಿಯಲ್ಲಿ, ಬೆಳಕು ಬೀಳದ ಮೂಲೆಯಲ್ಲಿಟ್ಟಿದ್ದ ಒಂದು ಸೀಡರ್ ಗಿಡವನ್ನು ಪತ್ತೆಮಾಡಿ ಎತ್ತಿಕೊಂಡು ಬಂದಳು. "ಇದು ಮುದ್ದಾಗಿದೆ. ವರ್ಷಪೂರ್ತಿ ಹಸಿರು. ದಟ್ಟ. ಆಚೆ ಇರೋದು ಏನೂ ಕಾಣಲ್ಲ."

"ಆಚೆ ಏನಿದೆ?" ಎಂದ ಆರ್ಲಿನ್.

"ನಿನ್ನ ಹೆಂಡತಿ ಬೆಳೆಸಿದ ಕಾಡು. ದೇವರು ಅವಳಿಗೆ ಶಾಂತಿ ಕೊಡಲಿ. ನನ್ನ ಅಡುಗೆಮನೆ ಕಿಟಕಿಗೆ ಹನ್ನೆರಡು ವರ್ಷದಿಂದ ಶಾಂತಿ ಇಲ್ಲ."

"ಪ್ರೇರಿಗೆ ಸೀಡರ್ ತರೋದು ಅಂದ್ರೆ ಹಿಟ್ಟಿನ ಡಬ್ಬಿಗೆ ಇಲಿ ಬಿಟ್ಟ ಹಾಗೆ," ಎಂದಳು ಬರ್ನಡೀನ್. "ಒಂದು ಹೋಗಿ ನೂರಾಗುತ್ತೆ. ಬಿಟ್ರೆ ಇಪ್ಪತ್ತು ವರ್ಷಕ್ಕೆ ಒಂದು ಹುಲ್ಲೂ ಉಳಿಯಲ್ಲ."

"ಹೌದಾ," ಎಂದು ಲಾವೊನ್ ಗಿಡವನ್ನು ಇನ್ನಷ್ಟು ಹತ್ತಿರಕ್ಕೆ ಅಪ್ಪಿಕೊಂಡಳು.

ಆರ್ಲಿನ್ ಧೈರ್ಯಮಾಡಿ ಕಾಡು ಪ್ಲಮ್ ಗಿಡಗಳ ಕಡೆ ಒಂದು ಹೆಜ್ಜೆ ಇಟ್ಟ. ಡ್ವೇನ್ ಆತನಿಗಿಂತ ಮುಂದೆ ಹೋಗಿ, ಹಿಂದುಮುಂದು ನೋಡದೆ ತಿರುಗಿ, ಅವುಗಳ ಗುಣದೋಷ ವಿವರಿಸಲು ಅಲ್ಲೇ ಮೇಜಿನ ಅಂಚಿಗೆ ಒರಗಿದ. ಪ್ಲಮ್ ಗಿಡಕ್ಕೆ ಮುಳ್ಳಿದೆ ಎನ್ನುವುದನ್ನು ಅವನ ಪ್ಯಾಂಟಿನ ಹಿಂಬದಿ ಅವನಿಗಿಂತ ಮೊದಲು ಅರಿತಿತು. ಅವನನ್ನು ಬಿಡಿಸಲು ಬರ್ನಡೀನ್ ಮೊಣಕಾಲೂರಬೇಕಾಯಿತು. "ಅಲುಗಾಡಬೇಡ, ಡ್ವೇನ್. ನಾನು ವಿಧವೆ, ಜನ ನೋಡ್ತಿದ್ದಾರೆ," ಎಂದಳು. ಲಾವೊನ್ ಆ ನೋಟದಿಂದ ಕಣ್ಣು ತೆಗೆಯಲಿಲ್ಲ.

ಆ ಗದ್ದಲದಲ್ಲಿ ಆರ್ಲಿನ್‌ಗೆ ಒಂದೆರಡು ನಿಮಿಷ ಒಂಟಿತನ ಸಿಕ್ಕಿತು. ಕೊಟ್ಟಿಗೆಯ ತುದಿಯವರೆಗೆ ನಡೆದ. ಕೊನೆಯ ಮೇಜಿನ ಕೊನೆಯ ಮೂಲೆಯಲ್ಲಿ, ಬೂದುಬಣ್ಣದ ಸಾಧಾರಣ ಕುಂಡವೊಂದರಲ್ಲಿ, ಒಂದು ಗಿಡ ನಿಂತಿತ್ತು. ಎದೆಯೆತ್ತರವೂ ಇಲ್ಲ. ಕುಂಡದಿಂದ ಒಂದೂವರೆ ಗೇಣು ಮೇಲೆ ಕಾಂಡ ಒಂದು ಕಡೆಗೆ ಬಾಗಿತ್ತು. ಯಾರಿಗೋ ದಾರಿ ಬಿಟ್ಟುಕೊಟ್ಟು, ಅವರು ಹೋದಮೇಲೆ ಮತ್ತೆ ನೆಟ್ಟಗಾದಂತೆ ಮೇಲಕ್ಕೆ ಹೋಗಿತ್ತು. ತುದಿಯಲ್ಲಿ ನಾಲ್ಕೈದು ಗುಲಾಬಿ ಮೊಗ್ಗು. ಚೀಟಿಯ ಮೇಲೆ ಬರೆದಿತ್ತು: ಪ್ರೇರಿ ಕಾಡುಸೇಬು, ಹದಿನೈದು ಅಡಿ, ಬಿಸಿಲು ಬೇಕು.

ಯಾರೂ ಹೇಳಿಕೊಡದೆ, ಯಾರನ್ನೂ ಕೇಳದೆ, ಆರ್ಲಿನ್‌ನ ಎದೆಯಲ್ಲಿ ಒಂದು ಮಾತು ಎದ್ದಿತು: ಇದೇ. ಅರವತ್ತೊಂಬತ್ತು ವರ್ಷದಲ್ಲಿ ಮೊದಲ ಬಾರಿ ಆತನಿಗೆ ಏನು ಬೇಕೆಂದು ಆತನಿಗೇ ಗೊತ್ತಾಗಿತ್ತು. ಕಣ್ಣು ತೇವವಾಯಿತು. ಕೈ ಚಾಚಿದ.

ಚಾಚಿದ ಕೈ ಹಾಗೇ ನಿಂತಿತು. ಆ ಜಾತಿಯ ಗಿಡ ಅಲ್ಲಿದ್ದದ್ದು ಅದೊಂದೇ.

ನಮ್ಮ ಕಡೆಯವರಲ್ಲಿ ಕೊನೆಯದನ್ನು ಯಾರೂ ತೆಗೆದುಕೊಳ್ಳುವುದಿಲ್ಲ. ಚರ್ಚಿನ ಊಟದಲ್ಲಿ ತಟ್ಟೆಯ ಮೇಲೆ ಸಿಹಿಯ ಒಂದೇ ತುಂಡು ಉಳಿದರೆ, ಅದನ್ನು ಒಬ್ಬರು ಅರ್ಧ ಮಾಡಿ ಅರ್ಧ ಬಿಡುತ್ತಾರೆ. ಮುಂದಿನವರು ಆ ಅರ್ಧವನ್ನು ಅರ್ಧ ಮಾಡುತ್ತಾರೆ. ಕೊನೆಗೆ ಚಾಕುವಿಗೆ ಅಂಟಿದ ಪುಡಿಯನ್ನು ತೊಳೆಯುವವರು ನೀರಿಗೆ ಬಿಡುತ್ತಾರೆಯೇ ಹೊರತು ಯಾರ ಬಾಯಿಗೂ ಹೋಗುವುದಿಲ್ಲ. ಕೊನೆಯದನ್ನು ತೆಗೆದುಕೊಂಡವರ ಹೆಸರು ಮೂರು ತಲೆಮಾರು ಉಳಿಯುತ್ತದೆ. ಬೇರೆ ಯಾರಾದರೂ "ನೀವೇ ತೊಗೊಳ್ಳಿ" ಎಂದು ಒತ್ತಾಯಿಸಿದರೆ ಮಾತ್ರ ಅದಕ್ಕೆ ಬಿಡುಗಡೆ. ಅದರಲ್ಲೂ ಮೊದಲನೆಯ ಸಲ ಬೇಡ ಎನ್ನಬೇಕು, ಎರಡನೆಯ ಸಲ ಬೇಡ ಎನ್ನಬೇಕು, ಮೂರನೆಯ ಸಲ ಹೇಳಿದಾಗ ತೆಗೆದುಕೊಳ್ಳಲೇಬೇಕು. ಆಗಲೂ ಬೇಡ ಎಂದರೆ ಅದು ಅವಮಾನ.

ಮೇಜಿನ ಆಚೆ ಇನ್ನೊಬ್ಬ ಮನುಷ್ಯ ಅದೇ ಚೀಟಿಯ ಮೇಲೆ ಬಗ್ಗಿ ನಿಂತಿದ್ದ. ಎಲ್‌ರಾಯ್ ಫಾಸಮ್, ಊರಿನ ಮೊಳೆ-ಸುತ್ತಿಗೆ ಅಂಗಡಿಯಲ್ಲಿ ಕೆಲಸ. ಮುಖಪರಿಚಯವಿತ್ತು. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

"ನೀವು ತೊಗೊಳ್ಳಿ," ಎಂದ ಎಲ್‌ರಾಯ್.

ಆರ್ಲಿನ್ ಮನಸ್ಸಿನಲ್ಲೇ ಎಣಿಸಿದ. ಒಂದು. ಇನ್ನೆರಡು ಸಲ ಹೇಳಲಿ, ಸಾಕು. "ಅಯ್ಯೋ, ಇಲ್ಲಪ್ಪ. ನೀವು ಮೊದಲೇ ನೋಡ್ತಿದ್ರಿ. ನೀವು ತೊಗೊಳ್ಳಿ."

"ಛೆ ಛೆ, ನನಗ್ಯಾಕೆ. ನೀವೇ ತೊಗೊಳ್ಳಿ."

ಎರಡು. "ಇಲ್ಲ ಇಲ್ಲ. ನೀವೇ."

"ಬೇಡ, ಬೇಡ," ಎಂದು ಎಲ್‌ರಾಯ್ ಮೂರನೆಯ ಸಲ ಹೇಳಲು ಬಾಯಿ ತೆರೆದ.

ಆ ಕ್ಷಣಕ್ಕೆ ಸರಿಯಾಗಿ ಕೊಟ್ಟಿಗೆಯ ಆಚೆಯಿಂದ ಡ್ವೇನ್, ಮುಳ್ಳು ಬಿಡಿಸಿಕೊಂಡ ಉತ್ಸಾಹದಲ್ಲಿ, ಕೂಗಿದ. "ಆರ್ಲಿನ್, ಓಕ್ ಗಾಡಿಗೆ ಹಾಕ್ಲಾ?"

"ಸ್ವಲ್ಪ ತಡಿ," ಎಂದು ಆರ್ಲಿನ್ ಅತ್ತ ತಿರುಗಿದ. ಇತ್ತ ತಿರುಗಿದಾಗ ಲೆಕ್ಕ ತಪ್ಪಿತ್ತು. ಮಾತು ನಿಂತುಹೋಗಿದೆ, ಎದುರಿನವನು ಬಾಯಿ ತೆರೆದು ಕಾಯುತ್ತಿದ್ದಾನೆ, ಸುಮ್ಮನಿರುವುದು ಮರ್ಯಾದೆಯಲ್ಲ. ಅಭ್ಯಾಸಬಲದಿಂದ ಆತನ ನಾಲಿಗೆ ತಾನೇ ಹೊರಳಿತು.

"ಪರವಾಗಿಲ್ಲ, ನೀವೇ ತೊಗೊಳ್ಳಿ."

ಮೂರು.

ಎಲ್‌ರಾಯ್‌ನ ಮುಖ ಬಿಳಿಚಿತು. ಆದರೆ ಕಟ್ಟಳೆ ಕಟ್ಟಳೆಯೇ. "ನೀವು ಇಷ್ಟು ಹೇಳಿದ ಮೇಲೆ," ಎಂದು ಗೊಣಗಿ, ಪರರ ಅಳುವ ಕೂಸನ್ನು ಎತ್ತಿಕೊಳ್ಳುವಂತೆ ಕುಂಡವನ್ನು ಎತ್ತಿಕೊಂಡು, ಹಣ ಕೊಡುವ ಸಾಲಿನ ಕಡೆಗೆ ಹೊರಟುಹೋದ. ಬಾಗಿದ ಕಾಡುಸೇಬು ಅವನ ಹೆಗಲ ಮೇಲಿಂದ ಆರ್ಲಿನ್‌ನನ್ನು ನೋಡುತ್ತ ಹೋಯಿತು.

ಆತ ಗಾಡಿಯ ಹತ್ತಿರ ಬಂದಾಗ ಹಿಂದೆ ಓಕ್ ಸಸಿಯೂ ಸೀಡರೂ ಅಕ್ಕಪಕ್ಕ ನಿಂತಿದ್ದವು.

"ನಿನಗೆ ಅಂತ ತೊಗೊಂಡೆ," ಎಂದ ಡ್ವೇನ್. ಆರ್ಲಿನ್ ಎರಡು ಸಲ ಬೇಡ ಎಂದ. ಡ್ವೇನ್ ಮೂರು ಸಲ ಹೇಳಿದ.

"ನಾನೂ ನಿನಗೇ ತೊಗೊಂಡೆ," ಎಂದಳು ಲಾವೊನ್. ಅವಳೂ ಮೂರು ಸಲ ಹೇಳಿದಳು. ಈ ವಿಷಯದಲ್ಲಿ ಅವರಿಬ್ಬರ ಲೆಕ್ಕ ಎಂದೂ ತಪ್ಪುತ್ತಿರಲಿಲ್ಲ.

ಹಿಂದಿರುಗುವ ದಾರಿಯಲ್ಲಿ ಆರ್ಲಿನ್ ಏನೂ ಮಾತಾಡಲಿಲ್ಲ. ಮೊದಲೂ ಆಡುತ್ತಿರಲಿಲ್ಲವಾದ್ದರಿಂದ ಯಾರಿಗೂ ಗೊತ್ತಾಗಲಿಲ್ಲ.

ಮಧ್ಯಾಹ್ನ ಪ್ರೇರಿಯ ನಡುವೆ, ಹೊಸದಾಗಿ ಎದ್ದ ಹಸಿರು ಚಿಗುರನ್ನು ತುಳಿಯದಂತೆ ಹೆಜ್ಜೆಯಿಟ್ಟು ಹೋಗಿ, ಆತ ಗುಂಡಿ ತೋಡಿದ. ಕಪ್ಪು ಮಣ್ಣು, ಕೇಕಿನಂತೆ ಮೆತ್ತಗೆ. ಈ ನೆಲವನ್ನು ಕಂಡಾಗ ವೆರ್ನಾ ಪ್ರತಿ ಸಲವೂ ಒಂದು ಹಿಡಿ ಎತ್ತಿ ಮೂಸಿ, ದೇವರಿಗೆ ಥ್ಯಾಂಕ್ಸ್ ಎನ್ನುತ್ತಿದ್ದಳು. ಆರ್ಲಿನ್ ಒಂದು ಹಿಡಿ ಎತ್ತಿದ. ಮೂಸಿದ. ಅವಳಿಗೆ ಏನು ಹೇಳಬೇಕೆಂದು ತಿಳಿಯದೆ ಕೆಳಗೆ ಬಿಟ್ಟ.

ಗುಂಡಿಯ ಈಚೆ ಓಕ್ ಹಿಡಿದು ಡ್ವೇನ್ ನಿಂತಿದ್ದ. ಆಚೆ ಸೀಡರ್ ಹಿಡಿದು ಲಾವೊನ್.

"ಗುಂಡಿ ಓಕಿಗೆ ಸರಿಯಾಗಿದೆ," ಎಂದ ಡ್ವೇನ್.

"ಓಕಿಗೆ ಅಷ್ಟು ಗುಂಡಿ ಯಾಕೆ? ಬೆರಳಲ್ಲಿ ಚುಚ್ಚಿದ್ರೆ ಸಾಕು. ಇದು ಸೀಡರ್ ಗುಂಡಿ," ಎಂದಳು ಲಾವೊನ್.

ಐದು ಗಂಟೆಗೆ ಎಲ್ಲರೂ ಬಂದರು. ಎಲ್ಲರೂ ಎಂದರೆ ಎಲ್ಲರೂ. ಅರವತ್ತಕ್ಕೆ ಕಡಿಮೆಯಿಲ್ಲ. ಒಬ್ಬರೂ ಬರಿಗೈಯಲ್ಲಿ ಬರಲಿಲ್ಲ. ನೂಡಲ್ಸ್ ಮೇಲೆ ಕೆನೆಸಾರು ಹುಯ್ದು ಬೇಯಿಸಿದ ಹಾಟ್‌ಡಿಶ್ ಹದಿನಾಲ್ಕು, ರುಬಾರ್ಬ್ ಎಂಬ ಹುಳಿದಂಟು ಹಾಕಿದ ಸಿಹಿಯ ತಟ್ಟೆ ಒಂಬತ್ತು. ಸಾವಿನ ಮನೆಗಾಗಲಿ ಪ್ರಾರ್ಥನೆಗಾಗಲಿ ಹೀಗೆ ತಂದ ಪಾತ್ರೆಗಳು ಬೆರೆತುಹೋಗಬಾರದೆಂದು ಪ್ರತಿಯೊಂದರ ತಳಕ್ಕೂ ಬಿಳಿಯ ಅಂಟುಪಟ್ಟಿ ಹಚ್ಚಿ, ಅದರ ಮೇಲೆ ಒಡತಿಯ ಹೆಸರು ಬರೆದಿರುತ್ತಾರೆ. ಖಾಲಿಯಾದ ಮೇಲೆ ತೊಳೆದು, ಮಗುಚಿ, ಹೆಸರು ಓದಿ, ಅವರವರ ಮನೆಗೆ ಮುಟ್ಟಿಸಬೇಕು. ಕಳೆದ ಜೂನಿನಲ್ಲಿ ಆರ್ಲಿನ್ ಹಾಗೆ ಮೂವತ್ತೊಂದು ಪಾತ್ರೆ ಮುಟ್ಟಿಸಿದ್ದ. ಆ ತಿಂಗಳನ್ನು ಆತ ದಾಟಿದ್ದೇ ಆ ಪಾತ್ರೆಗಳನ್ನು ತೊಳೆಯುತ್ತ.

ಗಿಡ ಮಾರಿ ಮುಗಿಸಿದ ಬರ್ನಡೀನ್ ಕೂಡ ಬಂದು ಹಿಂದೆ ನಿಂತಳು. ಪಾದ್ರಿ ಪುಸ್ತಕ ತೆರೆದಳು.

"ಸರಿ, ಆರ್ಲಿನ್. ಮರ ಯಾವುದು?"

ಡ್ವೇನ್ ಓಕನ್ನು ಮುಂದೆ ಹಿಡಿದ. ಲಾವೊನ್ ಸೀಡರನ್ನು ಮುಂದೆ ಹಿಡಿದಳು. ಅರವತ್ತು ಜನ ತಮ್ಮ ತಮ್ಮ ಬೂಟುಗಳನ್ನು ನೋಡಿಕೊಂಡರು. ಬೇರೆಯವರ ಮುಜುಗರವನ್ನು ನೇರವಾಗಿ ನೋಡುವುದು ನಮ್ಮಲ್ಲಿ ಇಲ್ಲ.

ನೀನೇ ಆರಿಸು, ಯಾರನ್ನೂ ಕೇಳ್ಬೇಡ ಎಂದಿದ್ದಳು. ಆರ್ಲಿನ್ ಗುಂಡಿಯನ್ನು ನೋಡಿದ. ಓಕ್ ಬಂದರೆ ಒಂದು ದಿನ ಹುಲ್ಲಿಗೆ ಬಿಸಿಲಿರುವುದಿಲ್ಲ. ಸೀಡರ್ ಬಂದರೆ ಒಂದು ದಿನ ಹುಲ್ಲೇ ಇರುವುದಿಲ್ಲ. "ಇವೆರಡೂ," ಎಂದು ಶುರುಮಾಡಿದ. ಮುಂದಿನ ಮಾತು 'ಚೆನ್ನಾಗಿವೆ' ಎಂದೇ ಬರುವುದಿತ್ತು; ಬಂದಿದ್ದ ಪಕ್ಷದಲ್ಲಿ ಎರಡನ್ನೂ ನೆಡುತ್ತಿದ್ದರು.

ಅಷ್ಟರಲ್ಲಿ ರಸ್ತೆಯಲ್ಲಿ ಒಂದು ಸೈಕಲ್ ನಿಂತಿತು. ಅದರ ಮುಂದಿನ ಬುಟ್ಟಿಯಲ್ಲಿ ಬೂದುಬಣ್ಣದ ಕುಂಡ. ಬುಟ್ಟಿಯ ಹಿಂದೆ, ಕೊಂಬೆಗಳ ನಡುವಿನಿಂದ ದಾರಿ ನೋಡಿಕೊಂಡು ತುಳಿದು ಬಂದಿದ್ದ ಎಲ್‌ರಾಯ್ ಫಾಸಮ್. ಕೆನ್ನೆಯ ಮೇಲೆ ಎರಡು ಗೀರು. ಅಷ್ಟು ಜನರನ್ನು ಕಂಡು ಟೋಪಿ ತೆಗೆದ.

"ಕ್ಷಮಿಸಿ. ಬೆಳಗ್ಗೆಯಿಂದ ಊಟ ಸೇರ್ತಿಲ್ಲ," ಎಂದ ಆರ್ಲಿನ್‌ಗೆ. "ನಾನು ಅಂಗಡಿ ಮಹಡಿ ಮೇಲೆ ಒಂದು ಕೋಣೇಲಿ ಇರೋನು. ನನಗೆ ಅಂಗಳವೇ ಇಲ್ಲ. ಈ ಮರ ಎಲ್ಲಿ ನೆಡಲಿ, ಮಂಚದ ಕೆಳಗಾ?"

"ಮತ್ತೆ ನೀವು ಅದನ್ನ ನೋಡ್ತಿದ್ರಲ್ಲ?"

"ಚೀಟಿ ಓದ್ತಿದ್ದೆ. ಹೊಸ ಕನ್ನಡಕ, ಹೇಗೆ ಕಾಣುತ್ತೆ ಅಂತ." ಎಲ್‌ರಾಯ್ ಕುಂಡವನ್ನು ಮುಂದೆ ಚಾಚಿದ. "ನೀವು ತೊಗೊಳ್ತೀರಾ?"

ಅದು ಮೊದಲನೆಯ ಸಲ. ಈಗ ಆರ್ಲಿನ್ ಅಯ್ಯೋ ಬೇಡ ಎನ್ನಬೇಕು, ಎಲ್‌ರಾಯ್ ಮತ್ತೆ ಹೇಳಬೇಕು. ಅರವತ್ತು ಜನವೂ ಮನಸ್ಸಿನಲ್ಲಿ ಎಣಿಸಲು ಶುರುಮಾಡಿದ್ದರು.

"ಹೂಂ," ಎಂದ ಆರ್ಲಿನ್. "ಕೊಡಿ."

ಯಾರ ಕೈಯಿಂದಲೋ ಚಮಚ ಕೆಳಗೆ ಬಿತ್ತು. ಲಾವೊನ್ ಸೀಡರನ್ನು ಕೆಳಗಿಟ್ಟಳು. "ಮೊದಲನೇ ಸಲಕ್ಕೇ," ಎಂದು ಹಿಂದೆ ಯಾರೋ ಉಸಿರಿನಲ್ಲಿ ಹೇಳಿದರು. ಆರ್ಲಿನ್ ಕುಂಡವನ್ನು ಎರಡೂ ಕೈಯಿಂದ ತೆಗೆದುಕೊಂಡ. ಕಿವಿ ಕೆಂಪಗಾಗಿತ್ತು, ಆದರೆ ಬೆನ್ನು ನೆಟ್ಟಗಿತ್ತು.

"ಇದೇ ಮರ, ಪಾದ್ರಿಯಮ್ಮ. ನಾನೇ ಆರಿಸಿದ್ದು. ಯಾರನ್ನೂ ಕೇಳಿಲ್ಲ."

ಕುಂಡದಿಂದ ಬಿಡಿಸಿ, ಬೇರಿನ ಗಂಟನ್ನು ಗುಂಡಿಗಿಳಿಸಿ, ಮಣ್ಣು ಮುಚ್ಚಿದರು. ಪಾದ್ರಿ ಪ್ರಾರ್ಥಿಸಿದಳು. ನಿನ್ನ ದಾಸಿಯಾದ ವೆರ್ನಾ ಎಂದಾಗ ಡ್ವೇನ್ ಓಕನ್ನು ನೆಲಕ್ಕಿಟ್ಟು ಕೈ ಜೋಡಿಸಿದ. ಲಾವೊನ್ ಮೂಗು ಒರೆಸಿಕೊಂಡಳು. ಹಾಡು ಮುಗಿದ ಮೇಲೆ ಗಾಳಿ ಬಂತು. ನೆಟ್ಟ ಗಿಡ ತುಸು ತಲೆಯಾಡಿಸಿತು. ವೆರ್ನಾ ನೋಡುತ್ತಿದ್ದರೆ ಏನನ್ನುತ್ತಿದ್ದಳು ಎಂದು ಆರ್ಲಿನ್ ಯೋಚಿಸಿದ. ಕೊನೆಗೂ ಒಂದನ್ನು ಆರಿಸಿದೆಯಲ್ಲೋ ಎನ್ನುತ್ತಿದ್ದಳು. ಆತ ವರ್ಷದಲ್ಲಿ ಮೊದಲ ಸಲ ಎರಡು ತಟ್ಟೆ ಹಾಟ್‌ಡಿಶ್ ತಿಂದ.

ಪಾತ್ರೆಗಳನ್ನು ಜೋಡಿಸುವ ಹೊತ್ತಿಗೆ ಲಾವೊನ್ ಖಾಲಿ ಕುಂಡವನ್ನು ಎತ್ತಿಕೊಂಡಳು. ಖಾಲಿ ಪಾತ್ರೆ ಕೈಗೆ ಸಿಕ್ಕರೆ ನಮ್ಮೂರ ಹೆಂಗಸರ ಕೈ ತಾನಾಗಿ ಅದನ್ನು ಮಗುಚುತ್ತದೆ. ಲಾವೊನ್ ಮಗುಚಿದಳು. ತಳದಲ್ಲಿ ಬಿಳಿಯ ಅಂಟುಪಟ್ಟಿ. ಕನ್ನಡಕ ಹಾಕಿಕೊಂಡು ಓದಿದಳು. ಮತ್ತೊಮ್ಮೆ ಓದಿದಳು. ಅಷ್ಟು ಹೊತ್ತು ಅವಳು ಸುಮ್ಮನಿದ್ದದ್ದನ್ನು ಕಂಡು ಜನ ಗಾಬರಿಯಾದರು.

"ಇದು ನಿನಗೆ ಮುಟ್ಟಿಸಬೇಕು, ಆರ್ಲಿನ್," ಎಂದಳು ಕೊನೆಗೆ.

ಪಟ್ಟಿಯ ಮೇಲೆ, ನೀರು ಬಿದ್ದು ಮಸುಕಾದ ನೀಲಿ ಶಾಯಿಯಲ್ಲಿ, ಆತ ನಲವತ್ತಾರು ವರ್ಷ ದಿನಸಿ ಚೀಟಿಗಳಲ್ಲಿ ಓದಿದ ಅಕ್ಷರದಲ್ಲಿ ಬರೆದಿತ್ತು: ವೆರ್ನಾ ಟ್ವೇಟ್. ತೊಳೆದು ವಾಪಸ್ ಕೊಡಿ.

ಆರ್ಲಿನ್ ಬರ್ನಡೀನ್‌ಳ ಕಡೆ ನೋಡಿದ. ಬರ್ನಡೀನ್ ತನ್ನ ಉಗುರು ನೋಡಿಕೊಂಡಳು.

"ಅವಳೇ ಬೀಜ ಹಾಕಿ ಬೆಳೆಸಿದ್ದು. ಕಳೆದ ವರ್ಷ ಮೇನಲ್ಲಿ, ಆಸ್ಪತ್ರೆಗೆ ಸೇರೋಕೆ ಎರಡು ವಾರ ಮೊದಲು, ಮುಂದಿನ ವರ್ಷದ ಮಾರಾಟದವರೆಗೆ ನೋಡಿಕೋ ಅಂತ ತಂದುಕೊಟ್ಟಳು. ಒಂದೇ ಒಂದು ಗಿಡ. ನಾನಂದೆ, ಅಲ್ಲ ವೆರ್ನಾ, ಎರಡು ತಾರೇ, ಒಂದೇ ಇಟ್ರೆ ಅದು ಕೊನೇದು ಅಂತ ಈ ಊರಲ್ಲಿ ಯಾರೂ ಮುಟ್ಟಲ್ಲ."

"ಅದಕ್ಕೆ ಏನಂದಳು?"

"ನನಗೆ ಗೊತ್ತು ಅಂದಳು."

ಬರ್ನಡೀನ್ ಮುಂದುವರಿಸಿದಳು. "ಮೂಲೇಲಿ ಇಡು ಅಂದಳು. ಅವನು ಗಲಾಟೆ ತಪ್ಪಿಸಿಕೊಂಡು ಮೂಲೆಗೇ ಬರ್ತಾನೆ ಅಂದಳು. ಸೊಟ್ಟಗಿದೆಯಲ್ಲೇ ಅಂದೆ. ಅದು ಅವನ ಕುರ್ಚಿ ತಗುಲಿ ಆದದ್ದು, ಅವನಿಗೆ ಹಿಡಿಸುತ್ತೆ ಅಂದಳು. ಬಾಯಿ ಬಿಡಬೇಡ ಅಂತ ಆಣೆ ಹಾಕಿಸಿಕೊಂಡಿದ್ದಳು. ಬೆಳಗ್ಗೆ ಎಲ್‌ರಾಯ್ ಅದನ್ನ ಎತ್ತಿಕೊಂಡು ಬಂದಾಗ ನನ್ನ ಜೀವವೇ ಹೋಯ್ತು."

ಆಗ ಆರ್ಲಿನ್‌ಗೆ ನೆನಪಾಯಿತು. ನಾಲ್ಕು ಬೇಸಿಗೆ, ವಾರಕ್ಕೆ ಎರಡು ಸಲ, "ಜಗಲೀಲಿರೋದಕ್ಕೆ ನೀರು ಹಾಕು" ಎನ್ನುತ್ತಿದ್ದಳು. ಆತ ಹಾಕುತ್ತಿದ್ದ. ಏನದು ಎಂದು ಕೇಳಿರಲಿಲ್ಲ. ಮೆಣಸಿನ ಗಿಡ ಎಂದುಕೊಂಡಿದ್ದ. ನಾಲ್ಕು ವರ್ಷದಲ್ಲಿ ಒಂದು ಮೆಣಸೂ ಬಿಡಲಿಲ್ಲವಲ್ಲ ಎಂದು ಒಳಗೊಳಗೇ ಮರುಕಪಟ್ಟಿದ್ದ. ಆಮೇಲೆ ಒಂದು ದಿನ "ಇನ್ನು ನೀರು ಬೇಡ" ಎಂದಳು. ಆತ ನಿಲ್ಲಿಸಿದ.

"ಹಾಗಾದ್ರೆ ಹಿಂದಿನ ಬಾಗಿಲಲ್ಲಿ ಇದ್ದ ಮರ ತರೋಕೆ," ಎಂದ ಡ್ವೇನ್ ನಿಧಾನವಾಗಿ, ಪ್ಯಾಂಟಿನ ಹಿಂಬದಿ ಮುಟ್ಟಿಕೊಳ್ಳುತ್ತ, "ನಾವು ಇಪ್ಪತ್ನಾಲ್ಕು ಮೈಲಿ ಹೋಗಿ ಬಂದ್ವಾ?"

"ನಾನೇ ಆರಿಸಿದೆ ಅಂದ್ಕೊಂಡಿದ್ದೆ," ಎಂದ ಆರ್ಲಿನ್.

"ಆರಿಸಿದ್ದು ನೀನೇ ಕಣಪ್ಪ," ಎಂದಳು ಲಾವೊನ್, ಯಾವತ್ತೂ ಇಲ್ಲದ ಮೆದು ದನಿಯಲ್ಲಿ. "ಅವಳು ನಿನಗಿಂತ ಸ್ವಲ್ಪ ಮೊದಲೇ ಆರಿಸಿದ್ದಳು, ಅಷ್ಟೆ." ಹಾಗೆಂದು, ಮೆದುತನ ಸಾಕೆನಿಸಿ, ಸೀಡರನ್ನು ಎತ್ತಿಕೊಂಡು ಹೋಗಿ ತನ್ನ ಅಡುಗೆಮನೆಯ ಕಿಟಕಿಯ ಮುಂದೆ, ತನ್ನ ಗಡಿಯೊಳಗೇ, ನೆಟ್ಟಳು. ಓಕ್ ಚರ್ಚಿಗೆ ಹೋಯಿತು.

ಎಲ್ಲರೂ ಹೋದ ಮೇಲೆ, ಇನ್ನೂ ಬೆಳಕಿರುವಾಗಲೇ, ಆರ್ಲಿನ್ ಕುಂಡವನ್ನು ಬಿಸಿನೀರಿನಲ್ಲಿ ತೊಳೆದ. ಅಂಟುಪಟ್ಟಿ ನೆನೆಯದಂತೆ ಜೋಪಾನವಾಗಿ ತೊಳೆದು, ಬಟ್ಟೆಯಲ್ಲಿ ಒರೆಸಿದ. ಹೆಸರು ಬರೆದವರ ಮನೆಗೆ ಮುಟ್ಟಿಸಬೇಕು, ಮನೆ ಇದೇ. ಹಿತ್ತಿಲ ಜಗಲಿಗೆ ತಂದು ತೂಗುಕುರ್ಚಿಯ ಬಲಗಡೆ ಇಟ್ಟ. ಹಲಗೆಯ ಮೇಲಿನ ದುಂಡು ಕಲೆಯ ಮೇಲೆ ಅದು ಒಂದು ನೂಲೂ ಆಚೀಚೆಯಾಗದಂತೆ ಕೂತಿತು. ಕುರ್ಚಿಯ ತೋಳಿನ ಹೊರಬದಿಯಲ್ಲಿ, ಕಾಂಡ ಬಾಗಿದ್ದ ಎತ್ತರಕ್ಕೆ ಸರಿಯಾಗಿ, ಬಣ್ಣ ಹೋಗಿ ನುಣುಪಾಗಿತ್ತು. ಅಲ್ಲಿ ಒಮ್ಮೆ ಕೈಯಾಡಿಸಿದ.

ಮರುದಿನ ಬೆಳಗ್ಗೆ ಆತ ಎಂದಿನಂತೆ ಕುರ್ಚಿಯಲ್ಲಿ ಕೂತು, ನೋಡದೆಯೇ ಬಲಗೈ ಇಳಿಸಿದ. ಲೋಟ ಇಡಲು ಜಾಗವಿರಲಿಲ್ಲ. ಜಗಲಿಯ ಉದ್ದಗಲಕ್ಕೂ ಕಣ್ಣು ಹಾಯಿಸಿದ. ಎಲ್ಲಿ ಬೇಕಾದರೂ ಇಡಬಹುದಿತ್ತು. ಎಲ್ಲಿಡಬೇಕೆಂದು ಆರಿಸಲಾರದೆ, ಚರ್ಚಿನ ಗಂಟೆ ಹೊಡೆಯುವವರೆಗೂ, ತಣ್ಣಗಾದ ಕಾಫಿಯನ್ನು ಕೈಯಲ್ಲೇ ಹಿಡಿದು ಕೂತಿದ್ದ.